ಮಗಳಿಗೊಂದು ಪತ್ರ: ಕೇಳಿದವರನ್ನು ಮೊದಲು ಕೇಳು

ಹಾಸನ

ಚಿರಂಜೀವಿ ಮಗಳಿಗೆ ನಿನ್ನ ಅಮ್ಮನ ಆಶೀರ್ವಾದಗಳು. ಇಲ್ಲಿ ನಾನೂ ನಿನ್ನ ಅಪ್ಪನೂ ಕ್ಷೇಮವಾಗಿದ್ದೇವೆ. ಅಲ್ಲಿ ನಿನ್ನ ಕ್ಷೇಮ ಸಮಾಚಾರವನ್ನು ಭಾನುವಾರದ ಫೋನಿನಲ್ಲಿಯೇ ಕೇಳಿ ಸಮಾಧಾನವಾಯಿತು. ಆದರೆ ಅಂದು ನೀನು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಸರಿಯಾಗಿ ಉತ್ತರಿಸಲು ಆಗಲಿಲ್ಲವಾದ್ದರಿಂದ ಈ ಪತ್ರ.

ನೀನಿರುವ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಕ್ ಸಂಗೀತಕ್ಕೆಂದೇ ಹೆಸರಾಗಿದ್ದ ಕೆ.ಎಸ್.ಎ.ಎನ್. ಎಂಬ ರೇಡಿಯೋ ನಿಲಯದ ಹಳೆಯ ಕೇಳುಗರು ನಿನ್ನ ನೆರೆಹೊರೆಯಲ್ಲಿದ್ದಾರೆ, ಅಲ್ಲಿ ದುಡಿದ ಒಬ್ಬಿಬ್ಬರ ಪರಿಚಯವೂ ನಿನಗಾಗಿದೆ, ಅವರೆಲ್ಲರ ನೆನಪುಗಳನ್ನು ಧ್ವನಿಮುದ್ರಿಸಿ ಇಡಬೇಕೆಂಬ ಆಸೆ ನಿನಗೆ ಹುಟ್ಟಿದೆ ಎಂದು ತಿಳಿದು ನನಗಾದ ಸಂತೋಷ ಅಷ್ಟಿಷ್ಟಲ್ಲ. "ಅಮ್ಮ, ನೀನೂ ರೇಡಿಯೋದಲ್ಲಿ ಕೆಲಸ ಮಾಡಿದವಳಲ್ಲವೇ, ಯಾರಿಂದ ಆರಂಭಿಸಲಿ?" ಎಂದು ಕೇಳಿದೆ. ನಿಲಯದಲ್ಲಿ ಕೆಲಸ ಮಾಡಿದವರ ಪಟ್ಟಿಯನ್ನು ಆಗಲೇ ಸಿದ್ಧಪಡಿಸಿಕೊಂಡಿರುವುದಾಗಿಯೂ ಹೇಳಿದೆ. ಆ ಪಟ್ಟಿಯನ್ನು ಸದ್ಯಕ್ಕೆ ಎತ್ತಿಡು. ಮೊದಲು ಕೇಳುಗರ ಬಳಿಗೆ ಹೋಗು. ಹೀಗೇಕೆ ಹೇಳುತ್ತೇನೆಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಿಮ್ಮೂರಿನ ನಿಲಯದ ಕಥೆಯನ್ನು ನಾನು ಓದಿ ತಿಳಿದಿರುವುದಷ್ಟೇ. ಅರವತ್ತರ ದಶಕದ ನಡುವಿನಲ್ಲಿ ಅಮೆರಿಕದ ಸರ್ಕಾರವು, ದೊಡ್ಡ ನಗರಗಳಲ್ಲಿ ಒಂದೇ ಒಡೆತನದ ಎ.ಎಂ. (ನಮ್ಮ ಮೀಡಿಯಂ ವೇವ್‌ನಂಥದು) ಮತ್ತು ಎಫ್.ಎಂ. ನಿಲಯಗಳು ದಿನವಿಡೀ ಒಂದೇ ಕಾರ್ಯಕ್ರಮವನ್ನು ಬಿತ್ತರಿಸಬಾರದು, ಎಫ್.ಎಂ. ತನ್ನ ಸಮಯದ ಅರ್ಧದಷ್ಟನ್ನಾದರೂ ಸ್ವಂತ ಕಾರ್ಯಕ್ರಮಗಳಿಗೆ ಕೊಡಬೇಕು ಎಂಬ ನಿಯಮ ತಂದಿತು. ಹಾಗೆ ತೆರವಾದ ಗಂಟೆಗಳಲ್ಲಿ ಏನು ಹಾಕುವುದೆಂಬುದು ಅನೇಕ ಮಾಲೀಕರಿಗೆ ತಿಳಿಯದೆ ಇದ್ದಾಗ ಹೊಸ ಸಂಗೀತಕ್ಕೆ ಜಾಗ ಸಿಕ್ಕಿತು. 1967ರಲ್ಲಿ ಟಾಮ್ ಡೊನಾಹ್ಯೂ ಎಂಬವರು ಕೆ.ಎಂ.ಪಿ.ಎಕ್ಸ್. ಎಂಬ ಸಣ್ಣ ಎಫ್.ಎಂ. ನಿಲಯಕ್ಕೆ ಬಂದು, ಎ.ಎಂ.ನಲ್ಲಿ ಯಾರೂ ಹಾಕದಿದ್ದ ಉದ್ದುದ್ದ ಹಾಡುಗಳನ್ನು ಉದ್ಘೋಷಕರೇ ಆರಿಸಿ ಹಾಕುವ ಪದ್ಧತಿಯನ್ನು ಬೆಳೆಸಿದರು. ಮರುವರ್ಷ ಮಾರ್ಚ್‌ನಲ್ಲಿ ಅಲ್ಲಿನ ನೌಕರರು ಮುಷ್ಕರ ಹೂಡಿ ಹೊರಬಂದರು. ಮೇ ತಿಂಗಳಿನಲ್ಲಿ ಅವರಲ್ಲಿ ಹೆಚ್ಚಿನವರು ಕೆ.ಎಸ್.ಎ.ಎನ್.ನಲ್ಲಿ ನೆಲೆಗೊಂಡರು. ಡೊನಾಹ್ಯೂ 1975ರಲ್ಲಿ ತೀರಿಕೊಂಡರು. 1980ರ ನವೆಂಬರ್‌ನಲ್ಲಿ ನಿಲಯವು ರಾಕ್ ಬಿಟ್ಟು ಕಂಟ್ರಿ ಸಂಗೀತಕ್ಕೆ ತಿರುಗಿದ ಮೇಲೆ ಆ ಅಧ್ಯಾಯ ಮುಗಿಯಿತು. ಇವೆಲ್ಲ ಪುಸ್ತಕಗಳಲ್ಲಿ ಸಿಗುವ ಸಂಗತಿಗಳು. ಇವನ್ನು ನೀನು ಮತ್ತೆ ಕೆಲಸಗಾರರ ಬಾಯಲ್ಲಿ ಹೇಳಿಸಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ನನ್ನ ಮನಸ್ಸು ಹಿಡಿದದ್ದು ಬೇರೆಯೇ ಒಂದು ಸಂಗತಿ. 1969ರ ಡಿಸೆಂಬರ್ 6ರಂದು ನಿಮ್ಮ ಕ್ಯಾಲಿಫೋರ್ನಿಯಾದ ಆಲ್ಟಮಾಂಟ್‌ನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಉಚಿತ ಸಂಗೀತ ಸಮಾರಂಭ ನಡೆದು, ವೇದಿಕೆಯ ಎದುರಿಗೇ ಒಬ್ಬ ತರುಣ ಇರಿತಕ್ಕೆ ಬಲಿಯಾದನಷ್ಟೆ. ಮರುದಿನ ಕೆ.ಎಸ್.ಎ.ಎನ್. ಹಾಡುಗಳನ್ನು ಬದಿಗಿಟ್ಟು ಫೋನುಗಳನ್ನು ಕೇಳುಗರಿಗೆ ತೆರೆಯಿತು. ಅಲ್ಲಿಗೆ ಹೋಗಿದ್ದವರು, ಹೊಡೆತ ತಿಂದವರು, ಹೊಡೆದವರ ಕಡೆಯವರು, ಎಲ್ಲರೂ ಕರೆ ಮಾಡಿ ತಾವು ಕಂಡದ್ದನ್ನು ಹೇಳಿದರು. ಇವತ್ತಿಗೂ ಆ ದಿನವನ್ನು ಅರಿಯಬಯಸುವವರು ಆ ಕರೆಗಳಿಗೆ ಕಿವಿಗೊಡುತ್ತಾರೆ. ನಿಲಯ ಅಂದು ಮಾಡಿದ ದೊಡ್ಡ ಕೆಲಸವೆಂದರೆ ಮೈಕನ್ನು ಕೇಳುಗರ ಕೈಗೆ ಕೊಟ್ಟದ್ದು. ಅಂಥ ನಿಲಯದ ಇತಿಹಾಸವನ್ನು ಉದ್ಘೋಷಕರಿಂದ ಮಾತ್ರ ಕೇಳಿ ಬರೆದರೆ ಅರ್ಧವೂ ಆಗದು.

ಇನ್ನು ನಮ್ಮ ನಿಲಯಕ್ಕೆ ಬರುತ್ತೇನೆ. ನಮ್ಮ ನಾಡಿನಲ್ಲಿ ರೇಡಿಯೋ ಆರಂಭವಾದದ್ದೇ ಒಬ್ಬರ ಮನೆಯಲ್ಲಿ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ 30 ವಾಟ್‌ನ ಸಣ್ಣ ಪ್ರೇಷಕ ಯಂತ್ರವನ್ನಿಟ್ಟುಕೊಂಡು ಊರಿನವರಿಗೆ ಕೇಳಿಸುವಂತೆ ಪ್ರಸಾರ ಮಾಡಿದರು. ಮುಂದೆ ನಿಲಯಗಳು ದೊಡ್ಡದಾದವು, ಅವುಗಳ ದನಿ ನೂರಾರು ಮೈಲಿ ಹೋಯಿತು, ಮತ್ತು ಊರು ಎಂಬುದು ಪ್ರಸಾರದಿಂದ ಸ್ವಲ್ಪ ಸ್ವಲ್ಪವಾಗಿ ಮರೆಯಾಯಿತು. ನಾನು ಹುಡುಗಿಯಾಗಿದ್ದಾಗ ನಮ್ಮ ಮನೆಯ ರೇಡಿಯೋಗೆ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಲೈಸೆನ್ಸ್ ನವೀಕರಿಸಬೇಕಿತ್ತು; ನಿನ್ನ ತಾತ ಆ ಪುಸ್ತಕವನ್ನು ಪಡಿತರ ಚೀಟಿಯ ಜೊತೆಯಲ್ಲಿಯೇ ಜೋಪಾನವಾಗಿಡುತ್ತಿದ್ದರು. ಮೀಡಿಯಂ ವೇವ್‌ನಲ್ಲಿ ಬೆಂಗಳೂರು ಸಿಗುತ್ತಿತ್ತು, ಭದ್ರಾವತಿ ಸಿಗುತ್ತಿತ್ತು. ಬೆಳಗಿನ ಸಂಸ್ಕೃತ ವಾರ್ತೆ "ಇಯಂ ಆಕಾಶವಾಣಿ" ಎಂದು ಮೊಳಗಿದರೆ ಏಳು ಗಂಟೆಗೆ ಐದು ನಿಮಿಷವಿದೆ ಎಂದು ಬೀದಿಯ ಎಲ್ಲ ಮನೆಗಳಿಗೂ ಗೊತ್ತಾಗುತ್ತಿತ್ತು. ಆದರೆ ಆ ಪೆಟ್ಟಿಗೆಯಿಂದ ಅರಸೀಕೆರೆ, ಬೇಲೂರು, ಕೊಣನೂರು ಎಂಬ ಹೆಸರುಗಳು ಕೇಳಿಬರುತ್ತಿದ್ದುದು ಅಪರೂಪ.

ಭಾರತದಲ್ಲಿ ಎಫ್.ಎಂ. ಪ್ರಸಾರ ಮೊದಲಾದದ್ದು 1977ರಲ್ಲಿ, ಮದರಾಸಿನಲ್ಲಿ. 1984ರಲ್ಲಿ ನಾಗರಕೋಯಿಲ್‌ನಲ್ಲಿ ಮೊದಲ ಸ್ಥಳೀಯ ನಿಲಯವನ್ನು ತೆರೆದು, ಜಿಲ್ಲೆಗೊಂದು ದನಿ ಕೊಡುವ ಪ್ರಯೋಗವನ್ನು ಆಕಾಶವಾಣಿ ಮಾಡಿತು. ಆ ಪ್ರಯೋಗದ ಮುಂದುವರಿಕೆಯಾಗಿ ನಮ್ಮಲ್ಲಿ ಹಾಸನ, ಚಿತ್ರದುರ್ಗ, ಮಡಿಕೇರಿಗಳಲ್ಲಿ ನಿಲಯಗಳಾದವು. ಆಕಾಶವಾಣಿ ಹಾಸನ, ಎಫ್.ಎಂ. 102.2 ಮೆಗಾಹರ್ಟ್ಸ್: ಈ ಮಾತನ್ನು ನಾನು ಎಷ್ಟು ಸಲ ಉಚ್ಚರಿಸಿದ್ದೇನೋ ಲೆಕ್ಕವಿಲ್ಲ, ಆದರೂ ಅದನ್ನು ಹೇಳುವಾಗಲೆಲ್ಲ ಬೆನ್ನು ನೆಟ್ಟಗಾಗುತ್ತಿತ್ತು. ನಾನು ಅಲ್ಲಿ ಸಾಂದರ್ಭಿಕ ಉದ್ಘೋಷಕಿಯಾಗಿದ್ದೆ. ತಿಂಗಳಿಗೆ ಆರು ಸರದಿ ಸಿಗುತ್ತಿತ್ತು. ಬೆಳಗಿನ ಸರದಿಯಿದ್ದ ದಿನ ಕತ್ತಲಿನಲ್ಲಿಯೇ ಹೊರಡಬೇಕಿತ್ತು. ದೇಶದ ಎಲ್ಲ ಆಕಾಶವಾಣಿ ನಿಲಯಗಳಂತೆ ನಮ್ಮದೂ ವಾಲ್ಟರ್ ಕಾಫ್‌ಮನ್ ಸಂಯೋಜಿಸಿದ ಆ ಸಂಕೇತ ಸಂಗೀತದಿಂದ ಕಣ್ಣು ತೆರೆಯುತ್ತಿತ್ತು. ಅದು ಮುಗಿದು ಕೆಂಪು ದೀಪ ಹತ್ತಿಕೊಂಡ ಕ್ಷಣದಲ್ಲಿ ಜಿಲ್ಲೆಯ ಅಡುಗೆಮನೆಗಳೂ ಕೊಟ್ಟಿಗೆಗಳೂ ಕಣ್ಣ ಮುಂದೆ ಬರುತ್ತಿದ್ದವು.

ಸ್ಟುಡಿಯೋದ ಕೆಲಸ ಹೇಗಿತ್ತೆಂಬುದನ್ನು ನಿನಗೆ ಹೇಳಬೇಕು. ಅದನ್ನು ಹೇಳದೆ ಮುಂದಿನ ಮಾತು ಅರ್ಥವಾಗದು. ಆಗ ಧ್ವನಿಮುದ್ರಣವೆಲ್ಲ ಕಂದು ಬಣ್ಣದ, ಕಾಲು ಅಂಗುಲ ಅಗಲದ ಸ್ಪೂಲ್ ಟೇಪಿನ ಮೇಲೆ. ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಅದು ಓಡುತ್ತಿತ್ತು, ಎಂದರೆ ಅರ್ಧ ಗಂಟೆಯ ಒಂದು ಭಾಷಣಕ್ಕೆ 1125 ಅಡಿ ಟೇಪು ಬೇಕು. ಭಾಷಣಕಾರರು ನಡುವೆ ಕೆಮ್ಮಿದರೆ, ಕೆಮ್ಮು ಮೊದಲಾಗುವ ಜಾಗವನ್ನು ಎರಡು ಸ್ಪೂಲುಗಳನ್ನೂ ಕೈಯಲ್ಲಿ ಹಿಂದೆ ಮುಂದೆ ತಿರುಗಿಸುತ್ತ ಕಿವಿಯಿಂದಲೇ ಹುಡುಕಿ, ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಟೇಪನ್ನು ಲೋಹದ ಪಟ್ಟಿಯ ಕಾಲುವೆಯಲ್ಲಿ ಕೂರಿಸಿ, ಓರೆಯಾಗಿ ಬ್ಲೇಡಿನಿಂದ ಕತ್ತರಿಸಿ, ಆ ತುಂಡನ್ನು ತೆಗೆದು ಎರಡು ತುದಿಗಳನ್ನು ಅಂಟಿಸಬೇಕಿತ್ತು. ಓರೆಯಾಗಿ ಕತ್ತರಿಸುವುದೇಕೆಂದರೆ, ನೇರ ಕೊಯ್ದರೆ ಜೋಡಣೆಯ ಜಾಗದಲ್ಲಿ 'ಟಕ್' ಎಂಬ ಸದ್ದು ಬರುತ್ತದೆ; ಓರೆ ಕೊಯ್ತದಲ್ಲಿ ಒಂದು ದನಿ ಇನ್ನೊಂದರೊಳಗೆ ಮೆಲ್ಲನೆ ಸೇರಿಕೊಳ್ಳುತ್ತದೆ. ಈ ಕೆಲಸದಲ್ಲಿ ಪಳಗಿದವರ ಕೈ ನೋಡುವುದೇ ಒಂದು ಭಾಗ್ಯ. ಎಲ್.ಪಿ. ತಟ್ಟೆಯ ಹಾಡಾದರೆ ಸೂಜಿಯನ್ನು ಹಾಡಿನ ಮೊದಲ ಸದ್ದಿನ ಮೇಲಿಟ್ಟು, ತಟ್ಟೆಯನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಹಿಡಿದಿರಬೇಕು. ನಮ್ಮ ಮಾತು ಮುಗಿಯುವ ಕೊನೆಯ ಅಕ್ಷರಕ್ಕೆ ಸರಿಯಾಗಿ ಬಿಟ್ಟರೆ ಮಾತಿನ ಬೆನ್ನಿಗೇ ಹಾಡು ಹೊರಡುತ್ತದೆ.

ಹೊಸ ಟೇಪು ದುಬಾರಿಯಾಗಿದ್ದ ಆ ಕಾಲದಲ್ಲಿ, ಒಮ್ಮೆ ಪ್ರಸಾರವಾದ ಕಾರ್ಯಕ್ರಮವನ್ನು ಅಳಿಸಿ ಅದೇ ಟೇಪಿನ ಮೇಲೆ ಇನ್ನೊಂದನ್ನು ಮುದ್ರಿಸುವುದು ಜಗತ್ತಿನ ರೇಡಿಯೋ ನಿಲಯಗಳಲ್ಲೆಲ್ಲ ಸಾಮಾನ್ಯವಾಗಿತ್ತು. ಹೆಸರಾಂತ ಕಲಾವಿದರ ಗಾಯನ, ದೊಡ್ಡವರ ಸಂದರ್ಶನ ಇಂಥವು ಉಳಿದಾವು. ಊರಿನ ರೈತರೊಬ್ಬರು ಹತ್ತು ನಿಮಿಷ ಮಾತನಾಡಿದ್ದು, ಶಾಲೆಯ ಮಕ್ಕಳು ಹಾಡಿದ್ದು, ನಾವು ನೇರವಾಗಿ ಓದಿದ ಸೂಚನೆಗಳು ಇವೆಲ್ಲ ಪ್ರಸಾರದೊಂದಿಗೇ ಹೋದವು. ಹಾಗಾದರೆ ಅವು ಈಗ ಎಲ್ಲಿವೆ? ದಿನದ ಕಾರ್ಯಕ್ರಮಗಳನ್ನು ಒಂದರ ಹಿಂದೊಂದು ಬರೆದಿಡುವ ಕ್ಯೂ ಶೀಟಿನಲ್ಲಿ ಕಾರ್ಯಕ್ರಮದ ಹೆಸರೂ ಅವಧಿಯೂ ಇದ್ದಾವು, ಅಷ್ಟೇ. ಅದರೊಳಗಿನ ಮಾತು ಉಳಿದಿದ್ದರೆ ಅದನ್ನು ಕೇಳಿದವರ ಮನಸ್ಸಿನಲ್ಲಿ ಮಾತ್ರ ಉಳಿದಿರಬೇಕು.

ಇದು ನನಗೆ ಸ್ಪಷ್ಟವಾದದ್ದು ಈ ಸಲದ ವಿಶ್ವ ರೇಡಿಯೋ ದಿನದಂದು, ಫೆಬ್ರವರಿ 13ರಂದು, ನಾವು ಕೆಲವು ಹಳೆಯ ಸಹೋದ್ಯೋಗಿಗಳು ಒಂದೆಡೆ ಸೇರಿದಾಗ. ಬಾಯಿಂದ ಬಾಯಿಗೆ ಸುದ್ದಿ ಹರಡಿ, ನಾವು ಕರೆಯದೆಯೇ ಹತ್ತಾರು ಮಂದಿ ಕೇಳುಗರೂ ಬಂದಿದ್ದರು. ಮೊದಲ ಒಂದು ಗಂಟೆ ನಾವೇ ಮಾತನಾಡಿದೆವು. ಯಾವ ಯಂತ್ರ ಯಾವಾಗ ಬಂತು, ಡ್ಯೂಟಿ ರೂಮಿನಲ್ಲಿ ಯಾರ ಕುರ್ಚಿ ಎಲ್ಲಿತ್ತು, ಬೇರೆ ನಿಲಯದ ಕಾರ್ಯಕ್ರಮವನ್ನು ತರುವ ಸಹಪ್ರಸಾರದ ಲೈನು ಕಡಿದುಹೋದ ಸಂಜೆ ಯಾರು ಹೇಗೆ ಸಂಭಾಳಿಸಿದರು, ಯಾರ ಕಂಠ ಚಳಿಗಾಲದಲ್ಲಿ ಕಟ್ಟುತ್ತಿತ್ತು. ಇವೂ ಪ್ರೀತಿಯ ಮಾತುಗಳೇ. ಆದರೆ ಗಮನವಿಟ್ಟು ಕೇಳಿದರೆ ಅದೆಲ್ಲ ನಮ್ಮ ಕೆಲಸದ ನೆನಪು; ಪ್ರಸಾರವಾದದ್ದೇನು ಎಂಬ ನೆನಪು ಅದರಲ್ಲಿ ಬಹಳ ಕಡಿಮೆ. ಸರದಿಯಲ್ಲಿ ಕುಳಿತವರ ಗಮನ ಯಾವಾಗಲೂ ಮುಂದಿನ ಕಾರ್ಯಕ್ರಮದ ಕಡೆಗೆ, ಗಡಿಯಾರದ ಮುಳ್ಳಿನ ಕಡೆಗೆ ಇರುತ್ತದೆ. ಓಡುತ್ತಿರುವ ಕಾರ್ಯಕ್ರಮವನ್ನು ನಾವು ಕೇಳುತ್ತಲೇ ಕೇಳದೆ ಇರುತ್ತೇವೆ.

ಆಮೇಲೆ ಅರಕಲಗೂಡಿನ ಕಡೆಯ ಆಲೂಗಡ್ಡೆ ಬೆಳೆಗಾರರೊಬ್ಬರು ಎದ್ದು ನಿಂತರು. ಕೃಷಿ ಕಾರ್ಯಕ್ರಮದಲ್ಲಿ ಒಂದು ಮಳೆಗಾಲ ಬಂದ ಅಂಗಮಾರಿ ರೋಗದ ಭಾಷಣವನ್ನು ಅವರು ಹೆಚ್ಚುಕಡಿಮೆ ಪೂರ್ತಿಯಾಗಿ ಹೇಳಿದರು. ಮೋಡ ಕವಿದು ಜಡಿಮಳೆ ಹಿಡಿದುಕೊಂಡರೆ ಕಾಯುತ್ತ ಕೂರಬಾರದು, ಎಲೆಯ ಅಡಿಯನ್ನು ತಿರುಗಿಸಿ ನೋಡಬೇಕು, ಅಂಚಿನಲ್ಲಿ ಬಿಳಿಯ ಬೂಜು ಕಂಡರೆ ಅದೇ ರೋಗ, ಅದಕ್ಕೆ ಮೊದಲೇ ಮ್ಯಾಂಕೋಜೆಬ್ ಪುಡಿಯನ್ನು ಲೀಟರ್ ನೀರಿಗೆ 2 ಗ್ರಾಂನಂತೆ ಬೆರೆಸಿ ಸಿಂಪಡಿಸಬೇಕು ಎಂದೆಲ್ಲ. ಭಾಷಣ ಕೇಳಿದ್ದು ಬದುವಿನ ಮೇಲೆ ಕುಳಿತು, ಪಕ್ಕದ ಹೊಲದವರನ್ನು ಕೂಗಿ ಕರೆದು. ಅಂದಿನ ಸಂಜೆಯೇ ಇಬ್ಬರೂ ಸೇರಿ ಔಷಧಿಗೆ ಹೋದರು. ಅದೇ ಭಾಷಣದ ದಿನ ಸರದಿಯಲ್ಲಿದ್ದ ನಮ್ಮ ಹಿರಿಯ ಸಹೋದ್ಯೋಗಿಗೆ ನೆನಪಿದ್ದದ್ದು ಇಷ್ಟೇ: ಭಾಷಣ ನಿಗದಿಗಿಂತ ಬೇಗ ಮುಗಿಯಿತು, ಮಿಕ್ಕ ಸಮಯ ತುಂಬಿಸಬೇಕಾಯಿತು. ಇಬ್ಬರೂ ಹೇಳಿದ್ದು ನಿಜ. ಆದರೆ ಆ ಭಾಷಣ ಇಂದು ಉಳಿದಿರುವುದು ಯಾರಲ್ಲಿ ಎಂದು ನೀನೇ ಯೋಚಿಸು.

ಹೊಳೆನರಸೀಪುರದ ಹತ್ತಿರದ ಹೇಮಾವತಿ ದಂಡೆಯ ಒಬ್ಬ ಹೆಣ್ಣುಮಗಳು ಹೇಳಿದ್ದು ಇನ್ನೂ ಮುಖ್ಯವಾದದ್ದು. ಗೊರೂರಿನ ಜಲಾಶಯದ ಪೂರ್ಣ ಮಟ್ಟ 2922 ಅಡಿ ಎಂಬುದು ನಿನಗೆ ಗೊತ್ತು. ಮಟ್ಟ ಅದರ ಹತ್ತಿರ ಬಂದಾಗ ಹೊಳೆಗೆ ನೀರು ಬಿಡುವ ಮುನ್ಸೂಚನೆ ನಮ್ಮ ಕೈಗೆ ಬರುತ್ತಿತ್ತು. ಒಂದು ರಾತ್ರಿ ಹಾಡುಗಳ ನಡುವೆ ಅಂಥ ಸೂಚನೆ ಕೇಳಿದ ಕೂಡಲೇ ಅವರು, ಗಂಡ ಊರಿನಲ್ಲಿಲ್ಲದಿದ್ದರೂ ಮೈದುನನನ್ನು ಎಬ್ಬಿಸಿಕೊಂಡು, ದಡದ ಪಂಪ್‌ಸೆಟ್ಟನ್ನು ಬಿಚ್ಚಿ ಮೇಲಕ್ಕೆ ಹೊತ್ತು ತಂದರು. ಸೂಚನೆಯನ್ನು ಎರಡು ಸಲ ಓದಿದರು, ಎರಡನೆಯ ಸಲ ನಿಧಾನವಾಗಿ ಓದಿದರು ಎಂಬುದು ಕೂಡ ಅವರ ನೆನಪಿನಲ್ಲಿದೆ. ನಿಧಾನವಾಗಿ ಓದಿದವರು ಯಾರೆಂದು ನಮ್ಮಲ್ಲಿ ಯಾರಿಗೂ ತಿಳಿಯಲಿಲ್ಲ. ಅದು ತಿಳಿಯದಿದ್ದರೂ ಚಿಂತೆಯಿಲ್ಲ. ಒಂದು ವಾಕ್ಯವನ್ನು ಎರಡನೆಯ ಸಲ ನಿಧಾನವಾಗಿ ಓದುವುದು ಏಕೆ ಬೇಕು ಎಂಬುದನ್ನು ಯಾವ ತರಬೇತಿಯೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಹಾಸನದ ಪೇಟೆಯ ಒಬ್ಬ ಟೈಲರ್ ಬಂದಿದ್ದರು. ಅವರಿಗೆ ಹಾಡುಗಳಿಗಿಂತ ಹೆಚ್ಚಾಗಿ ನೆನಪಿದ್ದದ್ದು ಫಿಲ್ಲರುಗಳು. ಒಂದು ಕಾರ್ಯಕ್ರಮ ಬೇಗ ಮುಗಿದು ಇನ್ನೊಂದರ ಸಮಯ ಇನ್ನೂ ಆಗಿರದಿದ್ದರೆ ಎರಡು ಮೂರು ನಿಮಿಷದ ಕೊಳಲನ್ನೋ ವೀಣೆಯನ್ನೋ ಹಾಕುತ್ತಿದ್ದೆವು. ನಿಮ್ಮ ಕೆ.ಎಸ್.ಎ.ಎನ್.ನ ಉದ್ಘೋಷಕರಿಗೆ ಯಾವ ಹಾಡು, ಯಾವುದರ ಹಿಂದೆ ಯಾವುದು ಎಂದು ಆರಿಸುವ ಪೂರ್ಣ ಸ್ವಾತಂತ್ರ್ಯವಿತ್ತು ಎಂದು ಓದಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಈ ಫಿಲ್ಲರುಗಳೇ. ನಮಗೆ ಹಾಡುಗಳ ಪಟ್ಟಿ ಮೊದಲೇ ಸಿದ್ಧವಾಗಿ ಬರುತ್ತಿತ್ತು, ಅದು ಹಾಗಿರಬೇಕಾದದ್ದೇ. ಹಲವು ರುಚಿಯ ಜನರಿರುವ ಜಿಲ್ಲೆಗೆ ಒಂದೇ ನಿಲಯವಿದ್ದಾಗ ಭಾವಗೀತೆ, ಜನಪದ, ಚಿತ್ರಗೀತೆ, ಶಾಸ್ತ್ರೀಯ ಎಲ್ಲಕ್ಕೂ ಪಾಲು ಸಲ್ಲಬೇಕು. ಆದರೆ ಆ ಎರಡು ಮೂರು ನಿಮಿಷ ನಮ್ಮದು. ಮಳೆಯ ಸಂಜೆಗೆ ಯಾವುದು, ಬೇಸಗೆಯ ಮಧ್ಯಾಹ್ನಕ್ಕೆ ಯಾವುದು ಎಂದು ನಾನು ಮನಸ್ಸಿಟ್ಟು ಆರಿಸುತ್ತಿದ್ದೆ. ಯಾರೂ ಅದನ್ನು ಗಮನಿಸುತ್ತಾರೆಂದು ನಾನೆಣಿಸಿರಲಿಲ್ಲ. ಮಿಷನ್ನಿನ ಮುಂದೆ ಕುಳಿತವರಿಗೆ ಮಾತಿಲ್ಲದ ಆ ಎರಡು ನಿಮಿಷದಲ್ಲಿ ಕಾಲು ತುಳಿಯುವ ಲಯವೇ ಬದಲಾಗುತ್ತಿತ್ತೆಂದು ಅವರು ಹೇಳಿದಾಗ, ಅಷ್ಟು ವರ್ಷಗಳ ದುಡಿಮೆಗೆ ಇದಕ್ಕಿಂತ ದೊಡ್ಡ ಗೌರವ ಬೇಕಾಗಿಲ್ಲವೆನಿಸಿತು.

ಸಕಲೇಶಪುರದ ಆಚೆಯ ತೋಟಗಳ ಕಡೆಯಿಂದ ಬಂದವರ ಮಾತು ಬೇರೆಯದೇ ತಿಳಿವಳಿಕೆ ಕೊಟ್ಟಿತು. ಎಫ್.ಎಂ. ಅಲೆಗಳು ಬಹುಮಟ್ಟಿಗೆ ನೇರ ದಾರಿಯಲ್ಲಿ ಸಾಗುತ್ತವೆ. ಮೀಡಿಯಂ ವೇವ್ ನೆಲವನ್ನು ತಬ್ಬಿಕೊಂಡು ಹೋದೀತು, ರಾತ್ರಿಯಾದರೆ ಆಕಾಶದ ಪದರಕ್ಕೆ ತಾಗಿ ದೂರದೂರಿಗೂ ಇಳಿದೀತು, ಎಫ್.ಎಂ.ಗೆ ಮಾತ್ರ ಗುಡ್ಡ ಅಡ್ಡ ಬಂದರೆ ಅದರ ಹಿಂದೆ ನೆರಳು. ಬಯಲುಸೀಮೆಯ ಚನ್ನರಾಯಪಟ್ಟಣದಲ್ಲಿ ಸರಾಗವಾಗಿ ಕೇಳುವ ದನಿ ಮಲೆನಾಡಿನಲ್ಲಿ ಒಂದು ಇಳಿಜಾರಿನಲ್ಲಿ ಸಿಕ್ಕಿ ಇನ್ನೊಂದರಲ್ಲಿ ಕಳೆದುಹೋಗುತ್ತದೆ. ತೋಟದ ಕೂಲಿಯವರು ವಾಸಿಸುವ ಸಾಲುಮನೆಯ, ಎಂದರೆ ಲೈನುಮನೆಯ, ಒಬ್ಬರು ಹೇಳಿದರು: ಮನೆಯೊಳಗೆ ಬರೀ ಗೊರಗೊರ ಸದ್ದು, ಕಾಫಿ ಒಣಗಿಸುವ ಕಣದ ಮೂಡಣ ಮೂಲೆಯಲ್ಲಿಟ್ಟರೆ ಮಾತ್ರ ಸ್ಪಷ್ಟ. ಆದ್ದರಿಂದ ಸಂಜೆಯಾದರೆ ಲೈನಿನವರೆಲ್ಲ ಕಣದ ಆ ಮೂಲೆಗೆ ಬರುತ್ತಿದ್ದರು. ಇನ್ನೊಬ್ಬರು ಸಿಲ್ವರ್ ಮರಕ್ಕೆ ತಂತಿ ಕಟ್ಟಿ ಕೇಳಿದವರು. 102.2 ಮೆಗಾಹರ್ಟ್ಸ್‌ನ ಅಲೆಯ ಉದ್ದ ಮೂರು ಮೀಟರಿಗೆ ಸ್ವಲ್ಪ ಕಡಿಮೆ, ಅದರ ಕಾಲು ಭಾಗ, ಎಂದರೆ ಸುಮಾರು 73 ಸೆಂಟಿಮೀಟರ್ ಉದ್ದದ ತಂತಿಯೇ ಸಾಕಾಗಿತ್ತು ಎಂದು ನಮ್ಮ ಎಂಜಿನಿಯರ್ ಅಂದು ವಿವರಿಸಿದಾಗ ಅವರು, "ಉದ್ದ ಅಳತೆ ಮಾಡಿ ಕಟ್ಟಲಿಲ್ಲ ಸ್ವಾಮಿ, ದನಿ ಬರುವ ತನಕ ಕತ್ತರಿಸುತ್ತ ಹೋದೆ" ಎಂದರು. ಆ ಮಧ್ಯಾಹ್ನ ಎಂಜಿನಿಯರ್ ಒಂದು ಹಾಳೆಯ ಮೇಲೆ, ಯಾರು ಯಾವ ಊರಿನಲ್ಲಿ ಮನೆಯ ಯಾವ ಮೂಲೆಯಲ್ಲಿಟ್ಟು ಕೇಳಿದರು ಎಂದು ಗುರುತು ಹಾಕಿಕೊಳ್ಳತೊಡಗಿದರು. ಪ್ರೇಷಕದ ಶಕ್ತಿ, ಗೋಪುರದ ಎತ್ತರಗಳಿಂದ ಲೆಕ್ಕ ಹಾಕಿದ ವ್ಯಾಪ್ತಿಯ ನಕ್ಷೆಗಿಂತ ಈ ಹಾಳೆ ಎಷ್ಟೋ ನಿಜವಾದ ನಕ್ಷೆ. ನಿಮ್ಮ ಸ್ಯಾನ್ ಫ್ರಾನ್ಸಿಸ್ಕೋ ಕೂಡ ಗುಡ್ಡಗಳ ಮೇಲೆ ಕಟ್ಟಿದ ನಗರ. ಅಲ್ಲಿಯೂ ಇಂಥ ನೆರಳುಗಳಿದ್ದೇ ಇರುತ್ತವೆ, ಅದನ್ನು ಮೀರಲು ಜನ ಮಾಡಿದ ಉಪಾಯಗಳೂ ಇರುತ್ತವೆ. ನಿನ್ನ ಪಟ್ಟಿಯಲ್ಲಿರುವ ಉದ್ಘೋಷಕರಿಗೆ ಇದು ಗೊತ್ತಿರುವ ಸಂಭವವಿಲ್ಲ.

ರಾಕ್ ಸಂಗೀತದ ಮಾತು ಬಂದದ್ದರಿಂದ ಇದೊಂದನ್ನೂ ಬರೆಯುತ್ತೇನೆ. ಆ ಸಭೆಗೆ ಬಂದಿದ್ದವರಲ್ಲಿ ಒಬ್ಬರು, ಕಾಫಿ ಬೆಳೆಗಾರರ ಮನೆಯವರು, ಹುಡುಗರಾಗಿದ್ದಾಗ ಪಾಶ್ಚಾತ್ಯ ಹಾಡುಗಳನ್ನು ಹಾಕಿ ಎಂದು ನಿಲಯಕ್ಕೆ ಪತ್ರದ ಮೇಲೆ ಪತ್ರ ಬರೆದವರು. ಆಗ ಅಂಚೆ ಕಾರ್ಡಿಗೆ 15 ಪೈಸೆ. ಅವರು ಕೇಳಿದ ಹಾಡುಗಳು ನಮ್ಮಲ್ಲಿರಲಿಲ್ಲ. ಶಾರ್ಟ್ ವೇವ್‌ನಲ್ಲಿ ಹೊರದೇಶದ ನಿಲಯಗಳನ್ನು ಹಿಡಿದು ಅವನ್ನು ಕೇಳಿದರಂತೆ. ಆದರೂ ನಮ್ಮನ್ನು ಬಿಡಲಿಲ್ಲ, ಏಕೆಂದರೆ ಅವರ ಪತ್ರವನ್ನು ನಾವು ಪ್ರಸಾರದಲ್ಲಿ ಓದಿದ್ದೆವು. ಮರುದಿನ ಬಸ್ಸಿನಲ್ಲಿ ಕಂಡಕ್ಟರ್ "ರೇಡಿಯೋದಲ್ಲಿ ಬಂದದ್ದು ನಿಮ್ಮ ಹೆಸರೇನಾ?" ಎಂದು ಕೇಳಿದರಂತೆ. ಕೋರಿಕೆಯ ಚಿತ್ರಗೀತೆಗಳಲ್ಲಿ ಹೆಸರುಗಳ ಪಟ್ಟಿ ಕೆಲವೊಮ್ಮೆ ಹಾಡಿನಷ್ಟೇ ಉದ್ದವಾಗುತ್ತಿತ್ತು. ಜಾವಗಲ್ಲಿನಿಂದ ಇವರು, ಬಾಣಾವರದಿಂದ ಇವರು, ಹಿರೀಸಾವೆಯಿಂದ ಇವರು ಮತ್ತು ಮನೆಯವರೆಲ್ಲ ಎಂದು ಓದುತ್ತ ಹೋಗುವಾಗ, ಇದನ್ನು ಸಂಕ್ಷೇಪ ಮಾಡಬಹುದಲ್ಲ ಎಂದು ಕೆಲವರಿಗೆ ಅನಿಸಿದ್ದುಂಟು. ನನ್ನ ಅಭಿಪ್ರಾಯ ಆಗಲೂ ಈಗಲೂ ಒಂದೇ: ಹಾಡು ಬೇರೆ ನಿಲಯಗಳಲ್ಲಿಯೂ ಸಿಗುತ್ತದೆ, ಆ ಹೆಸರುಗಳು ನಮ್ಮಲ್ಲಿ ಮಾತ್ರ ಸಿಗುತ್ತವೆ. ಒಂದು ನಿಲಯ ಸ್ಥಳೀಯವಾಗುವುದು ಆ ಪಟ್ಟಿಯಿಂದಲೇ.

ಕೇಳುಗರ ನೆನಪು ತಪ್ಪುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅಂದು ಇಬ್ಬರು, ಒಂದೇ ನಾಟಕದ ಕೊನೆಯ ಬಗ್ಗೆ ಎರಡು ಬೇರೆ ಬೇರೆ ಕಥೆ ಹೇಳಿ, ಇಬ್ಬರೂ ಪಟ್ಟು ಬಿಡಲಿಲ್ಲ. ಅಂಥಲ್ಲಿ ನೀನು ನ್ಯಾಯ ತೀರಿಸಲು ಹೋಗಬೇಡ, ಎರಡನ್ನೂ ಮುದ್ರಿಸಿಕೋ. ಆಮೇಲೆ ಕೆಲಸಗಾರರ ಬಳಿಗೆ ಹೋಗು, ಅವರಲ್ಲಿ ಕ್ಯೂ ಶೀಟು, ಲಾಗ್ ಬುಕ್ಕು, ಸ್ವಂತ ದಿನಚರಿ ಏನಾದರೂ ಉಳಿದಿದ್ದರೆ ದಿನಾಂಕ, ಅವಧಿಗಳನ್ನು ಅವುಗಳಿಂದ ತಾಳೆ ನೋಡು. ಈ ಕ್ರಮದಲ್ಲಿ ಹೋದರೆ ಕೆಲಸಗಾರರೂ ಹೆಚ್ಚು ಹೇಳುತ್ತಾರೆ. "ನಿಮ್ಮ ನಿಲಯದ ಬಗ್ಗೆ ಹೇಳಿ" ಎಂದರೆ ಅವರು ಈಗಾಗಲೇ ಹತ್ತು ಸಲ ಹೇಳಿದ್ದನ್ನೇ ಹೇಳಿಯಾರು. "ಇಂಥ ರಾತ್ರಿ ಇಂಥದೊಂದು ಮಾತು ಕೇಳಿಬಂತೆಂದು ಒಬ್ಬರು ನೆನೆಯುತ್ತಾರೆ, ಅದು ಏನು?" ಎಂದರೆ ಅವರಿಗೇ ಮರೆತುಹೋಗಿದ್ದ ಬಾಗಿಲು ತೆರೆದುಕೊಳ್ಳುತ್ತದೆ. ಹೊಳೆನರಸೀಪುರದ ಆ ಹೆಣ್ಣುಮಗಳ ಮಾತು ಕೇಳಿದ ಮೇಲೆಯೇ ನಮ್ಮವರೊಬ್ಬರಿಗೆ, ಓಡುತ್ತಿರುವ ಹಾಡನ್ನು ನಡುವೆ ನಿಲ್ಲಿಸಿ ಸೂಚನೆ ಓದಬೇಕೋ ಹಾಡು ಮುಗಿಯಲು ಬಿಡಬೇಕೋ ಎಂದು ಡ್ಯೂಟಿ ರೂಮಿನಲ್ಲಿ ನಡೆದ ಚರ್ಚೆ ನೆನಪಾಯಿತು. ಹಾಡನ್ನು ನಿಲ್ಲಿಸಿಯೇ ಓದಿದ್ದರು.

ಕೇಳುಗರನ್ನು ಕೂರಿಸಿಕೊಂಡಾಗ "ನಿಮಗೆ ಯಾವ ಹಾಡು ಇಷ್ಟವಿತ್ತು?" ಎಂದು ಮೊದಲು ಕೇಳಬೇಡ. ಅದಕ್ಕೆ ಎಲ್ಲರ ಉತ್ತರವೂ ಒಂದೇ ತೆರನಾಗಿರುತ್ತದೆ. ರೇಡಿಯೋ ಮನೆಯ ಯಾವ ಜಾಗದಲ್ಲಿತ್ತು, ಅದನ್ನು ಹಚ್ಚುವವರು ಯಾರು, ಆರಿಸುವವರು ಯಾರು, ಬ್ಯಾಟರಿ ತೀರಿದಾಗ ಏನು ಮಾಡುತ್ತಿದ್ದಿರಿ, ಕೇಳುವಾಗ ಕೈಯಲ್ಲಿ ಯಾವ ಕೆಲಸವಿರುತ್ತಿತ್ತು, ಕೇಳಿದ್ದನ್ನು ಮರುದಿನ ಯಾರೊಂದಿಗೆ ಹಂಚಿಕೊಂಡಿರಿ ಎಂದು ಕೇಳು. ಆಲ್ಟಮಾಂಟ್‌ನ ಮರುದಿನ ಕರೆ ಮಾಡಲು ಪ್ರಯತ್ನಿಸಿ ಲೈನು ಸಿಗದವರು ನಿಮ್ಮೂರಿನಲ್ಲಿ ಇನ್ನೂ ಇರಬಹುದು. ಅವರು ಏನು ಹೇಳಬೇಕೆಂದಿದ್ದರು ಎಂಬುದು ಎಲ್ಲಿಯೂ ದಾಖಲಾಗಿಲ್ಲ. ಅಂದು ಇಪ್ಪತ್ತರ ಹರೆಯದವರಾಗಿದ್ದವರಿಗೆ ಈಗ ಎಪ್ಪತ್ತೈದು ದಾಟಿದೆ. ಈ ಕೆಲಸವನ್ನು ಬೇಸಗೆ ರಜೆಗೆಂದು ಮುಂದೂಡಬೇಡ ಮಗಳೇ.

ನಾನೂ ಇಲ್ಲಿ ಸುಮ್ಮನಿರುವುದಿಲ್ಲ. ನಮ್ಮ ಸಭೆಗೆ ಬಂದಿದ್ದವರ ಊರು, ವಿಳಾಸಗಳನ್ನು ಎಂಜಿನಿಯರ್ ಬರೆದಿಟ್ಟುಕೊಂಡಿದ್ದಾರೆ. ಮಳೆ ಹಿಡಿಯುವ ಮೊದಲು ಸಕಲೇಶಪುರದ ಕಡೆಯವರನ್ನೂ, ಆಲೂಗಡ್ಡೆ ಕಿತ್ತಾದ ಮೇಲೆ ಅರಕಲಗೂಡಿನವರನ್ನೂ ಅವರವರ ಮನೆಯಲ್ಲಿಯೇ ಕಂಡು ಮುದ್ರಿಸಿಕೊಳ್ಳಬೇಕೆಂದು ನಾವಿಬ್ಬರು ಮೂವರು ಮಾತನಾಡಿಕೊಂಡಿದ್ದೇವೆ. ನಿನ್ನ ಅಪ್ಪ ಕಾರು ಓಡಿಸಲು ಒಪ್ಪಿದ್ದಾರೆ. ಮೊಬೈಲಿನಲ್ಲಿ ಮುದ್ರಿಸಿದರೆ ಸಾಕೇ, ಬೇರೆ ಮೈಕು ಬೇಕೇ, ಮುದ್ರಿಸಿದ ಕಡತಗಳಿಗೆ ಹೆಸರಿಡುವುದು ಹೇಗೆ, ಎರಡು ಕಡೆ ಪ್ರತಿ ಇಡುವುದು ಹೇಗೆ ಎಂಬುದನ್ನು ನೀನು ವಿವರವಾಗಿ ಬರೆದು ಕಳಿಸು. ಬರೆಯುವಾಗ ನನಗೆ ಮಾತ್ರವಲ್ಲದೆ ನಮ್ಮ ಎಂಜಿನಿಯರಿಗೂ ಒಂದು ಪ್ರತಿ ಹಾಕು, ಅವರು ಕಾಯುತ್ತಿದ್ದಾರೆ.

ಇಂತಿ ನಿನ್ನ ಪ್ರೀತಿಯ
ಅಮ್ಮ